ಕೊಕ್ಕೆ ಬಳಸಬಾರದ ಚೀಲ

ಈ ಸಂಗತಿಯನ್ನು ಕ್ರಮಬದ್ಧವಾಗಿ ನಿರೂಪಿಸಬೇಕೆಂದು ಕುಳಿತಿದ್ದೇನೆ; ಆದರೆ ಕೋಪ ಬಂದಾಗ ನನ್ನ ವಾಕ್ಯಗಳು ಸಾಲು ತಪ್ಪುತ್ತವೆ. ಓದುಗರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು, ಅದೂ ರಸಾಯನಶಾಸ್ತ್ರದಲ್ಲಿ. ಆದ್ದರಿಂದ ತಪ್ಪಿಲ್ಲದೆ ಬರೆಯುವುದು ನನಗೆ ಮರ್ಯಾದೆಯ ಪ್ರಶ್ನೆ.

ವಿಷಯ ಯೂರಿಯಾ ಚೀಲ. ಆಂಧ್ರದ ಗಡಿಯ ಕುಂದುರ್ಪಿ ಕಡೆಯ ನಮ್ಮಂಥ ಕನ್ನಡದ ಮನೆಗಳಲ್ಲಿ ಗೊಬ್ಬರಕ್ಕಿಂತ ಅದರ ಚೀಲಕ್ಕೇ ಆಯುಸ್ಸು ಹೆಚ್ಚು. ಒಗೆದು ಒಣಗಿಸಿದರೆ ಅದು ಬಚ್ಚಲಿಗೆ ಮರೆ, ಮಳೆಗೆ ಕೊಪ್ಪೆ, ಹುಣಸೆಹಣ್ಣಿಗೆ ಮೂಟೆ. ನನ್ನ ಮೊದಲ ಶಾಲಾಚೀಲವೂ ಅದೇ. ಚೀಲದ ಮೇಲೆ ಅಚ್ಚಾದ ಸಾರಜನಕದ ಪ್ರಮಾಣವನ್ನು ಬೆನ್ನ ಮೇಲೆ ಹೊತ್ತೇ ನಾನು ಅಕ್ಷರ ಕಲಿತೆ.

ಕಳೆದ ಮುಂಗಾರಿನಲ್ಲಿ ಅವ್ವ, ಕಲ್ಯಾಣದುರ್ಗದ ಅಂಗಡಿಯಿಂದ ತರಿಸಿದ ಯೂರಿಯಾವನ್ನು ಮುಸುಕಿನ ಜೋಳಕ್ಕೆ ಹಾಕಿ, ಚೀಲವನ್ನು ಕುರಿಗಳು ನೀರು ಕುಡಿಯುವ ಕಲ್ಲುಬಾನಿಯಲ್ಲಿ ನೆನೆಹಾಕಿದಳು. ತೇವಕ್ಕೆ ಗಟ್ಟಿಯಾದ ಬಿಳಿ ಹೆಂಟೆಗಳು ಚೀಲದ ಮೂಲೆಗಳಲ್ಲಿ ಅಂಟಿಕೊಂಡೇ ಇದ್ದವು. ನಾನು ಹಿಂದೂಪುರದಿಂದ ಬಂದು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಆ ನೀರು ಕುಡಿದ ಎರಡು ಕುರಿಗಳು ಹೊಟ್ಟೆಯುಬ್ಬಿ, ನೊರೆ ಸುರಿಸುತ್ತ ನಡುಗುತ್ತಿದ್ದವು. ಒಂದು ಕೆಂಚಿ: ಅವ್ವ ಕೈಯಾರೆ ಹಾಲು ಕುಡಿಸಿ ಸಾಕಿದವಳು, ಆಗಷ್ಟೇ ಮರಿ ಹಾಕಿದ್ದವಳು.

"ಉಪ್ಪಿನಂಗೇ ಇತ್ತು ಕಣ್ಲಾ! ಕುರಿಗೆ ಉಪ್ಪು ಒಳ್ಳೇದಲ್ವಾ?" ಎಂದು ಅವ್ವ ಗೋಳಾಡಿದಳು.

ಪಶುವೈದ್ಯರು ಫೋನಿನಲ್ಲಿ ತೆಲುಗಿನಲ್ಲೇ ಗದರಿದರು: "ವಿನೆಗರ್ ಉಂದಾ? ಲೇಕಪೋತೆ ಚಿಂತಪಂಡು ಪುಲುಸು ತಾಗಿಂಚಂಡಿ, ತೊಂದರಗಾ!" ನಮ್ಮಲ್ಲಿ ವಿನೆಗರ್ ಇರಲಿಲ್ಲ; ಬೇಗ ಹುಣಸೆ ಹುಳಿಯನ್ನಾದರೂ ಕುಡಿಸಿ ಎಂಬ ಅವರ ಮಾತಿನಂತೆ, ನಾನು ಹಿಂದೂಪುರದಿಂದ ತಂದಿದ್ದ ಹುಣಸೆಹಣ್ಣನ್ನೇ ತಣ್ಣೀರಿನಲ್ಲಿ ಕಿವುಚಿ ಎರಡಕ್ಕೂ ಕುಡಿಸಿದೆವು. ಒಂದು ಎದ್ದು ನಿಂತಿತು. ಕೆಂಚಿ ಏಳಲಿಲ್ಲ.

ಸೃಷ್ಟಿಯ ವಿಚಿತ್ರ ನೋಡಿ: ನಮ್ಮ ದೇಹ ಬೇಡವೆಂದು ಮೂತ್ರದಲ್ಲಿ ಹೊರಹಾಕುವ ಯೂರಿಯಾ ಪೈರಿಗೆ ಹಬ್ಬದೂಟ. ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನೇ ಅಮೋನಿಯಾ ಮಾಡುತ್ತವೆ. ಚಿಟಿಕೆಯಷ್ಟಾದರೆ ಪೋಷಣೆ, ಮಿತಿಮೀರಿದರೆ ರಕ್ತಕ್ಕೆ ವಿಷ. ಹುಳಿ ಆ ವಿಷದ ವೇಗವನ್ನು ತಗ್ಗಿಸುತ್ತದೆ. ಇಷ್ಟೆಲ್ಲ ಬಲ್ಲ ಲೋಕ, ಚೀಲ ಮಾರುವಾಗ ಅವ್ವನಿಗೆ ಒಂದು ಮಾತು ಹೇಳಬಾರದಿತ್ತೇ?

ಮರುದಿನ ಗೊಬ್ಬರದ ಅಂಗಡಿಗೆ ಹೋಗಿ ಇದನ್ನೇ ಕೇಳಿದೆ.

"ಚೀಲ ಒಗೀರಿ ಅಂತ ನಾವ್ ಯೇಳಿದ್ವಾ ಸಾರ್? ಎಲ್ಲಾ ಅದರ ಮ್ಯಾಲೇ ಅಚ್ಚಾಕವ್ರೆ, ಓದ್ಕಳಿ," ಎಂದು ಅಂಗಡಿಯವನು ಹಲ್ಲು ಕಿರಿದ.

ಓದಿದೆ. ಅವ್ವನಿಗೆ ಬಾರದ ಇಂಗ್ಲಿಷಿನಲ್ಲಿ ತೂಕವಿತ್ತು, ಸಾರಜನಕವಿತ್ತು, ಜೊತೆಗೆ ತುಂಬುತೆನೆಯ ಚಿತ್ರ. ಎಚ್ಚರಿಕೆಯೆಂದು ಇದ್ದದ್ದು ಒಂದೇ: ಕೊಕ್ಕೆ ಬಳಸಬೇಡಿ. ಹಮಾಲಿಗಳು ಮೂಟೆ ಎತ್ತುವಾಗ ಚೀಲ ಹರಿಯಬಾರದಂತೆ! ಪ್ಲಾಸ್ಟಿಕ್ಕಿನ ಮೇಲೆ ಎಂಥ ಕರುಣೆ! ಮನೆಗೆ ಬಂದು ಅದನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ಚೀಲಕ್ಕಿರೋ ದಿಕ್ಕು ನಮ್ ಕೆಂಚಿಗಿಲ್ದಂಗಾಯ್ತಲ್ಲಪ್ಪ," ಎಂದಳು.

ಈಗ ನಮ್ಮ ಮನೆಯಲ್ಲಿ ಗೊಬ್ಬರದ ಚೀಲ ಒಗೆಯುವುದಿಲ್ಲ. ಬಾನಿ ಕುರಿಗಳಿಗೆ ಮಾತ್ರ. ಕೆಂಚಿಯ ಮರಿಯನ್ನು ಅವ್ವ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದಳು. ಅಂಗಡಿಯಲ್ಲಿ ಏನು ಕೊಂಡರೂ, "ಇದನ್ನ ಕುರಿ ತಿಂದ್ರೆ ಏನಾಯ್ತೈತೆ?" ಎಂದು ಕೇಳದೆ ಮುಟ್ಟುವುದಿಲ್ಲ. ಮೊನ್ನೆ ನಾನು ತಂದ ಶಾಂಪೂವಿಗೂ ಅದೇ ಪ್ರಶ್ನೆ ಬಂತು. ಉತ್ತರ ತಿಳಿಯದೆ ಹಿಂದಿರುಗಿಸಿ ಬಂದೆ.