ತಬಕಡಿಯ ಮೇಲಿನ ಗೀರು

ಹಳೆಯ ಹಾಡಿನ ಹೊಸ ರೆಕಾರ್ಡಿನ ಹೊದಿಕೆಯ ಮೇಲೆ ‘ಮೂಲ ಟೇಪಿನಿಂದ’ ಎಂದು ಅಚ್ಚಾಗಿದ್ದರೆ ನಾನು ಮೊದಲು ಅನುಮಾನಿಸುವುದು ಆ ಎರಡು ಶಬ್ದಗಳನ್ನೇ. ಯಾವ ಟೇಪು? ಎಲ್ಲಿತ್ತು? ಇಷ್ಟು ವರ್ಷ ಯಾರ ಕಪಾಟಿನಲ್ಲಿ ಬೂಷ್ಟು ಹಿಡಿಯದೆ ಉಳಿಯಿತು? ನಾನು ತರಕಾರಿಯವನ ತಕ್ಕಡಿಯನ್ನೂ ನಂಬುವವನಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಿಜ, ನಂಬುವುದಿಲ್ಲ. ಆದರೆ ಆ ಹೆಂಡತಿಯೇ ತರಕಾರಿ ತರಲು ನನ್ನನ್ನೇ ಕಳಿಸುತ್ತಾಳೆ ಎಂಬುದನ್ನೂ ಇಲ್ಲಿ ಹೇಳಬೇಕು.

ಬೀದರಿನಲ್ಲಿ ಈ ಹುಚ್ಚು ಹಿಡಿದವರು ನಾವು ಮೂವರು. ನೌಬಾದಿನಲ್ಲಿ ಮನೆ ಇರುವ, ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು ಒಬ್ಬರು. ಬಸ್ ನಿಲ್ದಾಣದ ಹತ್ತಿರ ಚಷ್ಮಾ ಅಂಗಡಿ ಇಟ್ಟವರು ಇನ್ನೊಬ್ಬರು. ಅವರಿಗೆ ಭಾಲ್ಕಿಯಲ್ಲೂ ಒಂದು ಸಣ್ಣ ಅಂಗಡಿ ಇದೆ, ಬುಧವಾರ ಅಲ್ಲಿಗೆ ಹೋಗುತ್ತಾರೆ. ಮೂರನೆಯವನು ಸರಕಾರಿ ಕಚೇರಿಯ ಗುಮಾಸ್ತನಾದ ನಾನು. ರವಿವಾರ ಬೆಳಿಗ್ಗೆ ಎಂಜಿನಿಯರ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅರವತ್ತರ ದಶಕದ ಪಾಪ್ ಹಾಡು ಕೇಳುತ್ತೇವೆ. ಕೇಳುವುದಕ್ಕಿಂತ ಜಗಳವೇ ಹೆಚ್ಚು. ಈ ಹಾಡಿಗೆ ಒಂದೇ ಮೈಕು ಇಟ್ಟಿದ್ದರೋ ಎರಡೋ? ಹಾಡುಗಾರ ತನ್ನ ಧ್ವನಿಯ ಮೇಲೆ ತಾನೇ ಇನ್ನೊಮ್ಮೆ ಹಾಡಿದ್ದಾನೋ ಇಲ್ಲವೋ? ಆ ಗುಂಯ್ ಎನ್ನುವ ಪ್ರತಿಧ್ವನಿ ಯಂತ್ರದ್ದೋ, ಸ್ಟುಡಿಯೋದ ಮೆಟ್ಟಿಲ ಕೆಳಗೆ ಸ್ಪೀಕರು ಇಟ್ಟು ಹಿಡಿದದ್ದೋ? ಇಷ್ಟರಲ್ಲಿ ಚಹಾ ಆರಿಹೋಗಿರುತ್ತದೆ.

ನಮ್ಮ ಒಂದು ಪದ್ಧತಿಯನ್ನು ಹೇಳಲೇಬೇಕು. ಮರುಮುದ್ರಣ ಬಂದಾಗ ನಾವು ಅದನ್ನು ನೇರವಾಗಿ ಹಾಕಿ ಕೇಳುವುದಿಲ್ಲ. ಎಂಜಿನಿಯರು ಕೋಣೆಯ ನಡುವೆ ಹಗ್ಗ ಕಟ್ಟಿ ಚಾದರ ಇಳಿಬಿಡುತ್ತಾರೆ. ಅದರ ಹಿಂದೆ ಕೂತು ಹಳೆಯದನ್ನೋ ಹೊಸದನ್ನೋ ಹಚ್ಚುತ್ತಾರೆ. ಯಾವುದು ಎಂದು ನಾವು ಕಿವಿಯಿಂದಲೇ ಹೇಳಬೇಕು. ಡ್ರಮ್ಮು ಸುಳ್ಳೇ ಮುಂದೆ ಬಂದಿದ್ದರೆ, ಒಂದೇ ಕಡೆಯಿಂದ ಬರಬೇಕಾದ ಹಾಡನ್ನು ಹರಿದು ಎರಡು ಸ್ಪೀಕರಿಗೆ ಹಂಚಿದ್ದರೆ, ನಾನು ಕೂಡಲೇ ಹಿಡಿಯುತ್ತೇನೆ. ಈ ಪರೀಕ್ಷೆಯಲ್ಲಿ ಸೋತವನಲ್ಲ ನಾನು. ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತೇನೆ, ಯಾರ ಮುಖವನ್ನೂ ನೋಡುವುದಿಲ್ಲ ಎಂಬ ಜಂಬವೂ ಇತ್ತು.

ಇನ್ನು ಆ ರೆಕಾರ್ಡಿನ ವಿಷಯ. ಆ ಕಾಲದಲ್ಲಿ ಹೈದರಾಬಾದಿನ ನಾಲ್ಕು ಹುಡುಗರು ಗಿಟಾರು ಹಿಡಿದು ಮುಂಬೈಗೆ ಹೋಗಿ ನಾಲ್ಕು ಹಾಡುಗಳ ಒಂದು ಸಣ್ಣ ರೆಕಾರ್ಡು ಮಾಡಿದರು. ಮತ್ತೆ ಅವರ ಸುದ್ದಿ ಇಲ್ಲ. ಔರಾದಿನ ಟೆಲಿಫೋನ್ ಕಚೇರಿಯಲ್ಲಿದ್ದ ನನ್ನಪ್ಪ ತರಬೇತಿಗೆ ಹೈದರಾಬಾದಿಗೆ ಹೋದಾಗ ಅದನ್ನು ಕೊಂಡರು. ಬೀದರಿನಿಂದ ಔರಾದಿನ ಬಸ್ಸಿನಲ್ಲಿ, ಜನವಾಡದಲ್ಲಿ ಸಂತೆಯ ಮಂದಿಯೆಲ್ಲ ಹತ್ತಿದರೂ, ಅದನ್ನು ಎದೆಗೆ ಅವಚಿಕೊಂಡು ನಿಂತೇ ಬಂದರಂತೆ. ಗಡಿ ಊರಿನವರಾದ ನಾವು ರೆಕಾರ್ಡಿಗೆ ಮರಾಠಿಯಲ್ಲಿದ್ದಂತೆ ತಬಕಡಿ ಎನ್ನುತ್ತಿದ್ದೆವು.

ಅವ್ವ ಕುರಿ ಸಾಕುವ ಮನೆಯಿಂದ ಬಂದವಳು. ಇಂಗ್ಲಿಷ್ ಹಾಡು ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೆ ಎರಡನೆಯ ಹಾಡು ಬಂದರೆ ರೊಟ್ಟಿ ಬಡಿಯುವ ಕೈ ಅದರ ತಾಳಕ್ಕೇ ಬೀಳುತ್ತಿತ್ತು. ಒಂದು ದಿನ ಸೆರಗಿನಿಂದ ಧೂಳು ಒರೆಸಲು ಹೋದಾಗ ಅವಳ ಒಡೆದ ಬಳೆಯ ಚೂಪು ತಬಕಡಿಯ ಮೇಲೆ ಎಳೆಯಿತು. ಅಂದಿನಿಂದ ಎರಡನೆಯ ಹಾಡಿನ ನಡುವೆ, ಹಾಡುಗಾರ ಉಸಿರು ತೆಗೆದುಕೊಳ್ಳುವ ಜಾಗದಿಂದ ಟಿಕ್, ಟಿಕ್, ಟಿಕ್ ಶುರುವಾಗುತ್ತಿತ್ತು. ಕೊನೆಯ ಟಿಕ್ಕು ಸ್ವಲ್ಪ ದಪ್ಪ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಜಾಗ ಬಂದಾಗಲೆಲ್ಲ ಸುಮ್ಮನೆ ತಲೆ ಎತ್ತಿ ಅವ್ವನ ಕಡೆ ನೋಡುತ್ತಿದ್ದರು. ಅವ್ವ ಹಾಡಿಗೆ ರೊಟ್ಟಿ ಬಡಿಯುವುದನ್ನು ಬಿಟ್ಟಳು. ಹಾಡು ಹಚ್ಚಿದ್ದಾಗ ಆ ಕಡೆ ಹಾಯ್ದರೆ ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಹಾಯುತ್ತಿದ್ದಳು. ಅದನ್ನು ನೆನೆದರೆ ಅಪ್ಪನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಭಾಲ್ಕಿಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಳೆ. ತಬಕಡಿಯೂ ಅವಳ ಟ್ರಂಕಿನಲ್ಲೇ ಹೋಯಿತು. ನಾನು ಕೇಳಿದಾಗ, ‘ಇರ್ಲಿ ಬಿಡು, ನನ್ನ ಕಡಿನೇ ಇರ್ಲಿ’ ಎಂದಿದ್ದಳು.

ಕಳೆದ ಚಳಿಗಾಲದಲ್ಲಿ ಮುಂಬೈಯ ಯಾವುದೋ ಸಣ್ಣ ಕಂಪನಿ ಈ ರೆಕಾರ್ಡನ್ನು ಮತ್ತೆ ಮಾರಾಟಕ್ಕೆ ತಂದಿತು. ಹೊದಿಕೆಯ ಮೇಲೆ ಅದೇ ಎರಡು ಶಬ್ದ, ಮೂಲ ಟೇಪಿನಿಂದ. ರವಿವಾರ ನೌಬಾದಿನಲ್ಲಿ ಚಾದರ ಇಳಿಬಿಟ್ಟಾಯಿತು. ಈ ರೆಕಾರ್ಡಿನ ಹಳೆಯ ಪ್ರತಿ ಎಂಜಿನಿಯರ ಹತ್ತಿರವೂ ಒಂದಿತ್ತು. ಎರಡನೆಯ ಹಾಡು ಶುರುವಾಯಿತು. ಹಾಡುಗಾರ ಉಸಿರು ತೆಗೆದುಕೊಂಡ. ಟಿಕ್, ಟಿಕ್, ಟಿಕ್, ಕೊನೆಯದು ದಪ್ಪ. ನಾನು ಕೂತಲ್ಲಿಂದ ಎದ್ದು ನಿಂತೆ.

“ಹೇಳ್ರಿ, ಹಳಿದೋ ಹೊಸದೋ?” ಎಂದರು ಎಂಜಿನಿಯರು ಹಿಂದಿನಿಂದ.

“ಹಳಿದು. ಅಷ್ಟೇ ಅಲ್ಲರಿ, ಇದು ನಮ್ಮ ಮನಿದು. ನಮ್ಮಪ್ಪನ ತಬಕಡಿ. ನಿಮ್ಮ ಕೈಗೆ ಹ್ಯಾಂಗ ಬಂತು?”

ಅವರು ಬಿದ್ದು ಬಿದ್ದು ನಕ್ಕು ಚಾದರ ಸರಿಸಿದರು. “ನಿಮ್ಮ ಮನಿದು ಹ್ಯಾಂಗ ಆಗ್ತದ್ರಿ? ನಿನ್ನಿ ಪಾರ್ಸಲ್ ಬಿಚ್ಚೀನಿ. ಹೊಸಾ ಮಾಲು.”

ತಿರುಗುತ್ತಿದ್ದ ರೆಕಾರ್ಡು ಕಪ್ಪಗೆ ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಕೂದಲೆಳೆಯಷ್ಟೂ ಗೀರಿರಲಿಲ್ಲ. ಹಾಗಾದರೆ ಗೀರು ಹಾಡಿನೊಳಗೇ ಇದೆ. ಮೂಲ ಟೇಪೂ ಇಲ್ಲ, ಮಣ್ಣೂ ಇಲ್ಲ. ಕಂಪನಿಯವರು ನಮ್ಮ ತಬಕಡಿಯನ್ನೇ ಎತ್ತಿಕೊಂಡು ಹೋಗಿ ಅದರಿಂದ ಹಾಡು ಇಳಿಸಿದ್ದಾರೆ. ಕೊಟ್ಟವರು ಯಾರು? ನಾನು ಚಷ್ಮಾದವರ ಕಡೆ ತಿರುಗಿದೆ. ಅವರು ತಮ್ಮ ಚಷ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಗಿರಾಕಿ ಅಂಗಿಯಿಂದ ಗಾಜು ಒರೆಸಿದರೆ ಬೈಯುವ ಮನುಷ್ಯ ಅವರು.

“ಬುಧವಾರ ಭಾಲ್ಕಿಗೆ ಹೋಗ್ತೀರಲ್ಲ ನೀವು?”

“ಹೋಗ್ತೇನಿ ರಿ. ಅಂಗಡಿ ಅದ.”

“ನಮ್ಮ ಅವ್ವಗ ಚಷ್ಮಾ ಮಾಡಿಕೊಟ್ಟವರೂ ನೀವೇ.”

“ನಾನೇ ರಿ.”

“ಮತ್ತ ತಬಕಡಿ ಒಯ್ದವರು ಯಾರು?”

“ಅದೊಂದು ನನಗ ಕೇಳಬ್ಯಾಡ್ರಿ,” ಎಂದರು ಅವರು.

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ? ಕಣ್ಣು ಸರಿಯಾಗಿ ಕಾಣದ ಮುದುಕಿಯ ಟ್ರಂಕಿಗೆ ಕೈ ಹಾಕಿದಿರಾ ಎಂದು ಕೂಗಾಡಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಫೋನಿನಲ್ಲಿದ್ದ ನಮ್ಮ ಮೂವರ ಗುಂಪಿನಿಂದ ಅವರನ್ನು ತೆಗೆದುಹಾಕಿದೆ. ಎಂಜಿನಿಯರು, “ಒಮ್ಮಿ ನಿಮ್ಮ ಅವ್ವಗ ಕೇಳ್ರಿ ಮೊದಲ,” ಎಂದರು. ಅವರ ಮೇಲೂ ನನಗೆ ಶಕ್ ಬಂತು. ಇಬ್ಬರೂ ಕೂಡಿಯೇ ಮಾಡಿರಬಹುದಲ್ಲ?

ಮರುದಿನ ರಜೆ ಹಾಕಿ, ಸೂಟ್‌ಕೇಸಿನಂಥ ನನ್ನ ಪ್ಲೇಯರನ್ನೂ ಎಂಜಿನಿಯರಿಂದ ಇಸಿದುಕೊಂಡ ಹೊಸ ರೆಕಾರ್ಡನ್ನೂ ಸಾಕ್ಷಿಗೆಂದು ತೊಡೆಯ ಮೇಲಿಟ್ಟುಕೊಂಡು ಭಾಲ್ಕಿಯ ಬಸ್ಸಿನಲ್ಲಿ ಕೂತೆ. ಪೆಟ್ಟಿಗೆಯಲ್ಲಿ ಏನಿದೆ ಎಂದು ಕಂಡಕ್ಟರು ಕೇಳಿದ. ಹಾಡು ಎಂದೆ. “ಹಾಡಿಗಿ ಲಗೇಜ್ ಇಲ್ಲ ಬಿಡ್ರಿ,” ಎಂದು ಮುಂದೆ ಹೋದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ತಬಕಡಿ ಹೋಗಿದೆ ಎಂದು ಅವ್ವನಿಗೆ ಹೇಗೆ ಹೇಳಲಿ ಎಂಬುದೇ ತಲೆಯಲ್ಲಿತ್ತು.

ಅವ್ವ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ನಾನು ಮಾತಾಡಿಸದೆ ಒಳಗೆ ಹೋಗಿ ಟ್ರಂಕು ತೆಗೆದೆ. ತಬಕಡಿ ಅಲ್ಲೇ ಇತ್ತು! ಆದರೆ ಅಪ್ಪ ಹಾಕಿದ್ದ ಕಂದು ಕಾಗದದ ಮೇಲೆ ಈಗ ಒಂದು ಹೊಸ ಪ್ಲಾಸ್ಟಿಕ್ ಚೀಲ.

“ಯಾರು ಮುಟ್ಯಾರ ಇದಕ್ಕ?” ಎಂದು ಅಲ್ಲಿಂದಲೇ ಕೂಗಿದೆ.

“ನಾನೇ ಕೊಟ್ಟಿದ್ದೆ,” ಎಂದಳು ಅವ್ವ ಬೇಳೆಯಿಂದ ತಲೆ ಎತ್ತದೆ. “ಮುಂಬೈದವರು ಹುಡುಕ್ಲತ್ತಾರ, ಟೇಪ್ ಎಲ್ಲೂ ಉಳದಿಲ್ಲ ಅಂತ ಚಷ್ಮಾದವರು ಹೇಳಿದ್ರು. ಒಯ್ರಿ ಅಂದೆ. ಒಯ್ದು, ವಾಪಸ್ ತಂದು ಕೊಟ್ಟಾರ.”

“ನನಗ ಯಾಕ ಹೇಳಲಿಲ್ಲ?”

“ನೀ ಕೊಡ್ತಿದ್ದೇನು? ನಿನಗ ಎಲ್ಲಾದ್ರಾಗೂ ಶಕ್. ನಿನಗ ಹೇಳಬ್ಯಾಡ್ರಿ ಅಂತ ಅವರಿಗಿ ಆಣಿ ಹಾಕ್ಸಿದ್ದೆ.” ಮೊರವನ್ನು ಕೆಳಗಿಟ್ಟಳು. “ಕಂಪ್ಯೂಟರದಾಗ ಹಾಕಿ ಗೀರು ತಗೀತಾರಂತ. ಅದೊಂದು ಹೋದ್ರ ಸಾಕು ಅಂತ ಕೊಟ್ಟೆ. ಹೊಸದು ಕೇಳಿ ನೀನೇ ಬಂದು ಹೇಳ್ತೀ ಅಂತ ಸುಮ್ಮನಿದ್ದೆ. ಹೋಗ್ಯಾದೇನು?”

ಚಷ್ಮಾದವರು ಯಾಕೆ ಗಾಜು ಒರೆಸುತ್ತಿದ್ದರು ಎಂಬುದು ಆಗ ತಿಳಿಯಿತು. ಗೀರು ಹೋಗಿಲ್ಲವೆಂದು ಅವರಿಗೂ ಆ ಚಾದರದ ಈಚೆ ಕೂತಾಗಲೇ ಗೊತ್ತಾಗಿತ್ತು. ಬೀದರಿಗೆ ಮರಳಿದ ಮೇಲೆ ಅವರ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ, ಅದು ಆಮೇಲಿನ ಮಾತು.

“ಹೋಗ್ಯಾದ ಅವ್ವಾ,” ಎಂದೆ.

“ಹಚ್ಚು ಮತ್ತ. ನಾನೂ ಕೇಳ್ತೇನಿ.”

ಪ್ಲೇಯರೂ ಹೊಸ ರೆಕಾರ್ಡೂ ಜೊತೆಯಲ್ಲೇ ಇದ್ದವು, ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಧ್ವನಿಯ ಚೂಪು ಕಡಿಮೆ ಮಾಡುವ ಗುಂಡಿ ಅದರಲ್ಲೊಂದಿದೆ. ಹಳೆಯ ಹಾಡು ಕೇಳುವಾಗ ಅದನ್ನು ಮುಟ್ಟಿದವರಿಗೆ ನಾನು ಬೈದಿದ್ದೇನೆ. ಅವ್ವ ಚಷ್ಮಾ ಸರಿಮಾಡಿಕೊಳ್ಳುವಾಗ ಅದನ್ನು ಪೂರ್ತಿ ತಿರುಗಿಸಿಬಿಟ್ಟೆ. ಹಾಡು ಕಂಬಳಿ ಹೊದ್ದುಕೊಂಡಂತೆ ಮಬ್ಬಾಯಿತು. ಹುಡುಗರು ಹಾಡಿದರು, ಹಾಡುಗಾರ ಉಸಿರು ತೆಗೆದುಕೊಂಡ. ಟಿಕ್ಕು ಬಂತು, ಮೆತ್ತಗೆ, ಆದರೆ ಬಂತು. ಕೊನೆಯದು ದಪ್ಪಗೇ ಇತ್ತು. ನಾನು ತಲೆ ಎತ್ತಲಿಲ್ಲ. ಅಪ್ಪನ ಹಾಗೆ ಅವಳ ಕಡೆ ನೋಡಿಬಿಟ್ಟೇನು ಎಂದು ಹೆದರಿಕೆಯಾಗಿತ್ತು.

ಹಾಡು ಮುಗಿಯಿತು.

“ಹೋಗ್ಯಾದ ನೋಡು,” ಎಂದಳು ಅವ್ವ. “ನಿಮ್ಮಪ್ಪ ಇರಬೇಕಿತ್ತು.”

ಆಗ ತಲೆ ಎತ್ತಿದೆ. ಅವ್ವ ನಗುತ್ತಿದ್ದಳು. ಅವಳ ಎಡಗೈ ಬಲಗೈಯ ಬಳೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಎಂಬ ಅನುಮಾನ ನನಗೆ ಇಂದಿಗೂ ಇದೆ. ಅದೊಂದನ್ನು ಮಾತ್ರ ನಾನು ವಿಚಾರಿಸಲು ಹೋಗಿಲ್ಲ.