ಫಸ್ಟ್ ಸ್ಟ್ರೀಟಿನ ಚಿಕಾಗೋ

ನಾನು ಚಿಕಾಗೋ ನಗರವನ್ನು ಮೊದಲು ನೋಡಿದ್ದು ಸ್ಯಾನ್ ಹೊಸೆಯಲ್ಲಿ. ಫಸ್ಟ್ ಸ್ಟ್ರೀಟಿನ ಖಾಲಿ ಪಾರ್ಕಿಂಗ್ ಲಾಟೊಂದರ ಮೇಲೆ, ಭಾನುವಾರ ಬೆಳಿಗ್ಗೆ, ನನ್ನ ಅತ್ತಿಗೆ ಅದನ್ನು ಕಟ್ಟಿ ತೋರಿಸಿದರು. ಎಂಬತ್ತರ ದಶಕದ ನಡುವಿನ ಯಾವುದೋ ವರ್ಷ. ವಸಂತವೆಂದು ಬರೆದರೆ ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ಬರೆಯುವುದಿಲ್ಲ. ಲೈಟ್ ರೈಲಿನ ಹಳಿ ಹಾಕಲು ಬೀದಿಯನ್ನು ಅಗೆದು ಹಾಕಿದ್ದರು. ಇಷ್ಟು ಮಾತ್ರ ಖಚಿತ, ಏಕೆಂದರೆ ಆ ಮಣ್ಣು ನನ್ನ ಬೂಟಿನೊಳಗೆ ಸೇರಿತ್ತು.

ಅತ್ತಿಗೆ ಮೈಸೂರಿನ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವರು. ಇಲ್ಲಿಗೆ ಬಂದ ಮೇಲೆ ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸುತ್ತಿದ್ದರು. "ಒಂದು ರಾಜವಂಶದ ಹೆಸ್ರು ಬಾಯಲ್ಲಿ ಬಂದು ಎಷ್ಟು ದಿನ ಆಯ್ತೋ" ಎಂದು ಒಮ್ಮೆ ನನ್ನೆದುರು ಅಂದರು. ಅದೇ ಕಾಲಕ್ಕೆ ಸ್ಯಾನ್ ಹೊಸೆಯ ಪ್ರವಾಸದ ಆಫೀಸೊಂದಕ್ಕೆ ಗೈಡು ಬೇಕಿತ್ತು. ಚಿಕಾಗೋ, ಮಿಲ್ವಾಕೀ, ಸೇಂಟ್ ಲೂಯಿಸ್ ಮುಂತಾದ ಮಧ್ಯಪಶ್ಚಿಮದ ನಗರಗಳಿಗೆ ಗುಂಪುಗಳನ್ನು ಕರೆದೊಯ್ದು, ಹಳೆಯ ಕಟ್ಟಡಗಳನ್ನೂ ಅವುಗಳ ಚರಿತ್ರೆಯನ್ನೂ ಕಾಲ್ನಡಿಗೆಯಲ್ಲಿ ತೋರಿಸುವ ಆಫೀಸು ಅದು. ಬೇಸಿಗೆಯಲ್ಲಿ ಮಕ್ಕಳನ್ನು ನೋಡಲು ಭಾರತದಿಂದ ಬರುವ ತಂದೆತಾಯಿಯರ ಗುಂಪುಗಳು ಹೆಚ್ಚಾಗತೊಡಗಿದ್ದವು. ಆಫೀಸಿನ ಒಡತಿ, ಬಿಳಿ ಕೂದಲಿನ ಅಮೆರಿಕನ್ ಹೆಂಗಸು, ಅತ್ತಿಗೆಗೆ ಒಂದು ಪರೀಕ್ಷೆ ಒಡ್ಡಿದರು. ಓದಿ ಒಪ್ಪಿಸುವವರು ಬೇಕಾದಷ್ಟು ಸಿಗುತ್ತಾರೆ, ಇಲ್ಲಿನ ಡೌನ್‌ಟೌನನ್ನೇ ಚಿಕಾಗೋ ಎಂದುಕೊಂಡು ಗುಂಪೊಂದನ್ನು ನಡೆಸಿ ತೋರಿಸಿ ಎಂದರು. ಗುಂಪು ಚದುರಬಾರದು. ಪ್ರತಿ ಕಟ್ಟಡವನ್ನೂ ಎದುರಿನಿಂದ ನೋಡಿ ಮುಂದಕ್ಕೆ ಸಾಗಬೇಕು.

ಅತ್ತಿಗೆ ಚಿಕಾಗೋ ನೋಡಿರಲಿಲ್ಲ. ಲೈಬ್ರರಿಯಿಂದ ಚಿತ್ರಗಳ ದಪ್ಪ ಪುಸ್ತಕಗಳನ್ನು ತಂದು ಅಡುಗೆಮನೆಯಲ್ಲಿ ಹರಡಿಕೊಂಡರು. ಕುಕ್ಕರು ಕೂಗುತ್ತಿದ್ದರೂ ಉಕ್ಕಿನ ಚೌಕಟ್ಟಿನದೇ ಮಾತು. "ಗೋಡೆ ಭಾರ ಹೊರೋದಿಲ್ಲ ಕಣೋ. ಮೂಳೆಯೆಲ್ಲ ಒಳಗಿನ ಉಕ್ಕು. ಗೋಡೆ ಸೀರೆ ಥರ ಸುತ್ಕೊಂಡಿರುತ್ತೆ ಅಷ್ಟೆ." ನಾನು ಎಂಜಿನಿಯರು, ನನಗೆ ಇದನ್ನು ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಗುಂಪೆಂದರೆ ನಾವೇ. ಅಣ್ಣ, ನಾನು, ಅಣ್ಣನ ಮಗಳು, ಪಕ್ಕದ ಅಪಾರ್ಟ್‌ಮೆಂಟಿನ ಉಡುಪಿಯ ಡಾಕ್ಟರು, ಜೊತೆಗೆ ಊರಿನಿಂದ ಬಂದಿದ್ದ ಡಾಕ್ಟರ ತಾಯಿ ಮತ್ತು ಅವರ ಗೆಳತಿಯರು. ಆ ಅಜ್ಜಿಯರೆಲ್ಲ ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿದ್ದರು. ಪರೀಕ್ಷೆ ನೋಡಲು ಒಡತಿಯೂ ಜೊತೆಗೆ ಬಂದಿದ್ದರು.

ಅತ್ತಿಗೆ ಪಾರ್ಕಿಂಗ್ ಲಾಟಿನ ಮುಂದೆ ನಿಂತು ಕೈ ಎತ್ತಿದರು. "ಇದು ಚಿಕಾಗೋ ಅಂದ್ಕೊಳ್ಳಿ."

"ಅಂದ್ಕೊಂಡೆ ಮಾರಾಯ್ತಿ. ಚಳಿ ಎಲ್ಲುಂಟು?" ಡಾಕ್ಟರು ಕೇಳಿದರು.

"ಅಮ್ಮಾ, ದಟ್ಸ್ ಎ ಪಾರ್ಕಿಂಗ್ ಲಾಟ್," ಎಂದಳು ಮಗಳು.

"ಹೌದು ಪುಟ್ಟೀ. ಖಾಲಿ ಇರೋದ್ರಿಂದ್ಲೇ ಅಲ್ಲಿ ಎಷ್ಟು ಎತ್ತರ ಬೇಕಾದ್ರೂ ಕಟ್ಬಹುದು."

ಅವರು ಕಟ್ಟಿದರು. ಮಹಡಿಯ ಮೇಲೆ ಮಹಡಿ. ನಾವು ಕತ್ತೆತ್ತಿ ನೋಡಿದೆವು, ಅಜ್ಜಿಯರೂ ನೋಡಿದರು, ಅಲ್ಲಿ ಆಕಾಶ ಬಿಟ್ಟು ಏನೂ ಇರಲಿಲ್ಲ. ಆಮೇಲೆ ನಾನು ನಿಜವಾದ ಚಿಕಾಗೋಗೆ ಹೋಗಿದ್ದೇನೆ. ನೆನಪಿನಲ್ಲಿ ಅಲ್ಲಿನ ಗೋಪುರಗಳು ಫಸ್ಟ್ ಸ್ಟ್ರೀಟಿನಲ್ಲೇ ನಿಂತಿವೆ. ಸರಿಪಡಿಸಲು ಹೋಗುವುದಿಲ್ಲ.

ಅನಂತರ ಮೂಲೆಯ ಹಳೆಯ ಬ್ಯಾಂಕು. ಇದು ನಿಜವಾದ ಕಟ್ಟಡ. ಒಡತಿ ರಸ್ತೆ ದಾಟಿ ಎದುರಿನ ಫುಟ್‌ಪಾತಿನಲ್ಲಿ ನಮಗಾಗಿ ನಿಂತರು. ಅತ್ತಿಗೆ ಬಾಗಿಲ ಕಮಾನಿನ ಕೆತ್ತನೆಯನ್ನು ವಿವರಿಸಿ ಮುಗಿಸಿ "ಬನ್ನಿ" ಅಂದದ್ದೇ, ಡಾಕ್ಟರ ತಾಯಿ ಕಟ್ಟಡವನ್ನು ಬಲಕ್ಕಿಟ್ಟುಕೊಂಡು ನಡೆಯತೊಡಗಿದರು. ಯಾರೂ ಯೋಚಿಸಲಿಲ್ಲ. ಗೆಳತಿಯರು ಹಿಂದೆ ಹೋದರು, ನಾವೂ ಹೋದೆವು. ಅತ್ತಿಗೆ ಕೂಡ. ಕಾಲುಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಕಟ್ಟಡದ ಹಿಂದೆ ಕಸದ ಡಬ್ಬಗಳ ಓಣಿ. ಅತ್ತಿಗೆಗೆ ಎಚ್ಚರವಾದದ್ದು ಅಲ್ಲಿ.

"ಅಯ್ಯೋ, ಆಯಮ್ಮ ಆ ಕಡೆ ನಿಂತಿದಾರೆ! ಹೋಯ್ತು ನನ್ನ ಕೆಲ್ಸ. ಯಾಕಮ್ಮಾ ಈ ಕಡೆ ಬಂದ್ರಿ?"

"ಮತ್ತೆಂತ?" ಡಾಕ್ಟರ ತಾಯಿ ಇಟ್ಟಿಗೆಯ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು, ಗರ್ಭಗುಡಿಯ ಹಿಂದೆ ನಿಲ್ಲುವ ಹಾಗೆ. "ಹಿಂದಿನ ಗೋಡೆ ಮುಟ್ಟದೆ ಹೋದ್ರೆ ನೋಡಿದ ಹಾಗೆ ಆಗ್ತದಾ?"

ಅತ್ತಿಗೆ ಆ ಕೈಯನ್ನು ನೋಡಿದರು, ಆಮೇಲೆ ಗೋಡೆಯನ್ನು. ಮುಂಭಾಗದ ಕೆತ್ತಿದ ಕಲ್ಲು ಮೂಲೆ ತಿರುಗಿ ಒಂದು ಮಾರು ಬಂದು ಅಲ್ಲಿಗೇ ನಿಂತಿತ್ತು. ಉಳಿದದ್ದೆಲ್ಲ ಬರೀ ಇಟ್ಟಿಗೆ. ಅವರ ದನಿ ಬದಲಾಯಿತು. ಇದು ಪುಸ್ತಕದ ಮಾತಾಗಿರಲಿಲ್ಲ.

"ನೋಡಿ, ಸೀರೆ ಸೆರಗು ಇಲ್ಲಿಗೆ ಮುಗೀತು. ಮುಂದಿನ ಗೋಡೆ ಬೀದಿಯವ್ರಿಗೆ, ಹಿಂದಿನದು ಕಸದ ಲಾರಿಯವ್ರಿಗೆ. ಪುಸ್ತಕದಲ್ಲಿ ಎಲ್ರೂ ಎದುರಿಗೆ ನಿಂತೇ ಫೋಟೋ ತೆಗ್ದಿದಾರೆ. ಆದ್ರೆ ಚಿಕಾಗೋದಲ್ಲೂ ಹೀಗೇ ಇರ್ಬೇಕು. ಇರ್ಲೇಬೇಕು."

ಒಡತಿ ಓಣಿಯ ಬಾಯಲ್ಲಿ ನಿಂತಿದ್ದರು. ಕನ್ನಡದಲ್ಲಿ ಏನು ಹೇಳಿದಿರಿ ಎಂದು ಕೇಳಿದರು. ಅತ್ತಿಗೆ ಇಂಗ್ಲಿಷಿನಲ್ಲಿ ಹೇಳಿದರು. ನೋಡದೆ ಹೇಗೆ ಗೊತ್ತು ಎಂದಾಗ, ಗೊತ್ತಿಲ್ಲ, ಈ ಗೋಡೆ ನೋಡಿ ಅನ್ನಿಸಿತು ಎಂದರು. ಒಡತಿ ನಕ್ಕರು ಎಂದು ಅಣ್ಣ ಹೇಳುತ್ತಾನೆ. ನನ್ನ ನೆನಪಿನ ಒಡತಿ ನಗುವುದಿಲ್ಲ, ಇಟ್ಟಿಗೆಯ ಮೇಲೆ ತಾವೂ ಕೈಯಿಡುತ್ತಾರೆ. ಚಿಕಾಗೋದಲ್ಲಿ ಹೀಗೇ ಇದೆ, ತಾನು ಇಷ್ಟು ವರ್ಷ ಯಾರನ್ನೂ ಹಿಂದಕ್ಕೆ ಕರೆದೊಯ್ದಿಲ್ಲ ಎಂದರು. ಆಮೇಲೆ ನಮ್ಮನ್ನೆಲ್ಲ ಒಮ್ಮೆ ನೋಡಿ, ಗುಂಪು ಚದುರಿಲ್ಲವಲ್ಲ ಎಂದರು.

ಆ ಬೇಸಿಗೆಯಲ್ಲಿ ಅತ್ತಿಗೆ ಚಿಕಾಗೋದ ರಸ್ತೆಬದಿಯ ಫೋನಿನಿಂದ ಮನೆಗೆ ಕರೆ ಮಾಡಿದರು. ಎತ್ತಿದ್ದು ನಾನು.

"ಮುಟ್ದೆ ಕಣೋ! ಇಟ್ಟಿಗೇನೇ!"

ಗಾಳಿಯ ಸದ್ದಿನ ನಡುವೆ ಯಾರೋ ಅಜ್ಜಿಯ ದನಿ ಕೇಳಿಸಿತು: "ಫೋನು ಸಾಕು ಬಾರಮ್ಮಾ, ಇನ್ನೂ ಅರ್ಧ ಸುತ್ತು ಬಾಕಿ ಐತಿ."