ಪೂಜೆಗಿಟ್ಟ ಪಿಸ್ತೂಲು

ಈ ಪರದೇಶದಲ್ಲಿ ನಾವಿರುವ ಎವರ್‌ಗ್ರೀನ್ ಬಡಾವಣೆಯ ನಮ್ಮ ಬೀದಿಯಲ್ಲಿ ಹಾಡುಹಗಲೇ ಒಂದು ಮನೆಗೆ ಕಳ್ಳರು ನುಗ್ಗಿ ಚಿನ್ನ ಹೊತ್ತೊಯ್ದ ಮೇಲೆ ನನ್ನ ಗಂಡ ಪಿಸ್ತೂಲು ಕೊಂಡರು. ಬೇಡವೆಂದು ಜಗಳವಾಡಿ ಸೋತೆ. ಜಿರಲೆ ಕಂಡರೆ ನನ್ನನ್ನು ಕರೆಯುವ ಮನುಷ್ಯನಿಗೆ ಇದೆಲ್ಲಿಯ ಶೌರ್ಯವೋ.

ಕಳೆದ ಆಯುಧಪೂಜೆಯ ದಿನ ಲ್ಯಾಪ್‌ಟಾಪು, ಕಾರಿನ ಕೀ, ಈಳಿಗೆಮಣೆಗಳ ಸಾಲಿನಲ್ಲಿ ಅದನ್ನೂ ತಂದಿಟ್ಟು ಕುಂಕುಮ ಹಚ್ಚಿದರು. ನನಗೆ ಮೈಯೆಲ್ಲ ಉರಿಯಿತು. ಪೂಜೆ ಆಯಿತಲ್ಲ, ಸೇಫಿನೊಳಗಿಡಿ ಎಂದೆ.

"ಪೂಜೆಗಿಟ್ಟಿದ್ದನ್ನ ನಾಳೆ ಮಂಗಳಾರತಿ ಆಗೋವರ್ಗೂ ತೆಗೀಬಾರ್ದು ಕಣೇ. ಬುಲೆಟ್ಸು ಲಾಕ್ ಮಾಡಿದೀನಿ."

ಮೊಸರು ಮುಗಿದಿದೆ ಎಂದಾಗ ಮಾತ್ರ ಕಾರಿನ ಕೀ ಎತ್ತಿಕೊಂಡು ಹೋಗಲು ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ.

ಹೋಳಿಗೆಯೂಟ ಮುಗಿಸಿ, ಹೈಸ್ಕೂಲಿನಲ್ಲಿರುವ ಮಗಳಿಗೆ ತೋರಿಸಬೇಕೆಂದು ಒಂದು ಹಳೆಯ ಕೌಬಾಯ್ ಚಿತ್ರ ಹಾಕಿದರು. ಮೈಸೂರಿನಲ್ಲಿ ಕಾಲೇಜಿಗೆ ಚಕ್ಕರ್ ಹೊಡೆದು ನೋಡಿದ್ದಂತೆ. ಕುದುರೆ, ಧೂಳು, ಕೋವಿಗಳಿಂದಲೇ ಹೆಸರು ಮಾಡಿದ ನಿರ್ದೇಶಕ ವಯಸ್ಸಾದ ಮೇಲೆ ಮಾಡಿದ ಚಿತ್ರ ಅದು. ತನ್ನ ಹಳೆಯ ವೀರರ ಮೇಲೆ ಅವನಿಗೇ ಹೇಸಿಗೆ ಹುಟ್ಟಿತ್ತೋ ಏನೋ. ಇದರಲ್ಲಿ ಗುಂಡು ತಗುಲಿದವನು ಥಟ್ಟನೆ ಸಾಯುವುದಿಲ್ಲ. ಮಣ್ಣಿನಲ್ಲಿ ಬಿದ್ದು ನರಳುತ್ತಲೇ ಇರುತ್ತಾನೆ, ಕ್ಯಾಮೆರಾ ಅವನನ್ನು ಬಿಟ್ಟು ಕದಲುವುದಿಲ್ಲ.

"ನಾನು ನೋಡ್ದಾಗ ಹೀಗಿರ್ಲಿಲ್ಲ" ಎಂದರು ಇವರು. ಚಿತ್ರ ಅದೇ. ಅಂದಿನ ಶಿಳ್ಳೆಗಳ ನಡುವೆ ಆ ನರಳಾಟ ಇವರ ಕಿವಿಗೆ ಬಿದ್ದಿರಲಿಲ್ಲ, ಅಷ್ಟೆ.

ಮಗಳು ಚಿತ್ರ ನಿಲ್ಲಿಸಿದಳು. "ಅಪ್ಪಾ, ಲಾಸ್ಟ್ ಮಂತ್ ಕೀ ಮರ್ತು ಕಿಚನ್ ವಿಂಡೋ ಇಂದ ಒಳಗ್ ಬಂದೆ. ಯು ವರ್ ಅಪ್‌ಸ್ಟೇರ್ಸ್, ಆನ್ ಎ ಕಾಲ್. ನಿಮ್ಗೆ ಸೌಂಡ್ ಕೇಳ್ಸಿದ್ರೆ?"

ಇವರು ಎದ್ದು ಹೋಗಿ, ಮಂಗಳಾರತಿಗೂ ಕಾಯದೆ, ಕುಂಕುಮ ಸಮೇತ ಅದನ್ನು ಸೇಫಿನೊಳಗಿಟ್ಟು ಬಂದರು.

"ಮನೆಯಿಂದಾನೇ ಕಳಿಸ್ಬಿಡಿ" ಎಂದೆ.

"ಯೋಚ್ನೆ ಮಾಡ್ತೀನಿ" ಎಂದರು. ಇನ್ನೂ ಮಾಡುತ್ತಲೇ ಇದ್ದಾರೆ.

ಅಂದಿನಿಂದ ಮಗಳು ಶಾಲೆ ಬಿಟ್ಟು ಬಂದರೆ ಕೈಯಲ್ಲಿ ಕೀ ಇದ್ದರೂ ಬಾಗಿಲ ಹೊರಗೆ ನಿಂತು, "ಅಪ್ಪಾ, ಇಟ್ಸ್ ಮಿ" ಎಂದು ಕೂಗುತ್ತಾಳೆ. ಒಳಗಿನಿಂದ ಇವರು "ಬಾಮ್ಮ" ಎನ್ನುವವರೆಗೂ ಹೊಸ್ತಿಲು ದಾಟುವುದಿಲ್ಲ.